ನಾನು ನುಂಗದ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಗುಳಿಗೆ ನುಂಗಿಲ್ಲ. ಕಮಲಾಪುರದಲ್ಲಿ ಅರ್ಧ ಓಣಿ ಇವತ್ತಿಗೂ ನುಂಗಿದ್ದಾಳೆ ಅಂತಲೇ ತಿಳಿದಿದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಊರು ಕೇಳುತ್ತಾಳೆ, ಹೆಸರು ಕೇಳುತ್ತಾಳೆ, ಆಮೇಲೆ ನನ್ನ ಕೈ ಹಿಡಿದುಕೊಂಡು, "ಓ, ಆ ಗುಳಿಗಿ ನುಂಗಿದ ಕಾಶಮ್ಮ ನೀವೇ ಏನ್ರಿ" ಅನ್ನುತ್ತಾಳೆ. ಅವಳಿಗೆ ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಕಪನೂರ ಬಂದುಬಿಡುತ್ತದೆ, ನಾನು ಇಳಿಯಬೇಕು. ಅರ್ಧ ಕತೆ ಕೇಳಿದವಳು ಉಳಿದರ್ಧ ತಾನೇ ಹುಟ್ಟಿಸಿಕೊಂಡು ಕಲಬುರಗಿಯ ಜಗತ್ ಸರ್ಕಲ್ ತನಕ ಒಯ್ಯುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಓದು ಎರಡನೇ ಇಯತ್ತೆ. ವಯಸ್ಸಾದ ಮೇಲೆ ಸಂಜೆ ನಡೆಯುವ ಸಾಕ್ಷರತೆ ಕ್ಲಾಸಿಗೆ ಹೋಗಿ ಮರೆತ ಅಕ್ಷರ ತಿರುಗಿ ಕಲಿತೆ. ಒತ್ತಕ್ಷರ ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ. ಇದನ್ನು ನನ್ನ ಸೊಸೆ ಜಗದೇವಿ ತಿದ್ದಿಕೊಟ್ಟಿದ್ದಾಳೆ, ಅವಳು ಪಿಯುಸಿ ತನಕ ಓದಿದವಳು. ತಿದ್ದುವ ನೆಪದಲ್ಲಿ ತನ್ನ ವಿಷಯ ಬಂದ ಎರಡು ಸಾಲು ಹೊಡೆದು ಹಾಕಿದ್ದಳು. ನಾನು ತಿರುಗಿ ಬರೆದಿದ್ದೇನೆ.

ನಾನು ಕಪನೂರದ ಒಂದು ತೊಗರಿ ಗೋದಾಮಿನಲ್ಲಿ ಕಸ ಗುಡಿಸುತ್ತೇನೆ. ಬರೀ ಕಸ ಅಲ್ಲ. ಚೀಲ ಏರಿಸಿ ಇಳಿಸುವಾಗ ಸೋರಿದ ಕಾಳು ಬಳಿದು, ಕೇರಿ, ಹಸನು ಮಾಡಿ ಬೇರೆ ಚೀಲಕ್ಕೆ ತುಂಬುವುದು ನಮ್ಮ ಹೆಂಗಸರ ಕೆಲಸ. ತೊಗರಿಗೆ ನುಸಿ ಬೀಳುತ್ತದೆ. ನುಸಿ ಸಾಯಲಿ ಅಂತ ಚೀಲದ ರಾಶಿಗೆ ಮೇಲಿಂದ ಕೆಳತನಕ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ, ಒಳಗೆ ಗುಳಿಗೆ ಇಟ್ಟು, ಅಂಚಿನ ಸುತ್ತ ಉಸುಕು ತುಂಬಿದ ಉದ್ದನೆಯ ಚೀಲ ಹಾವಿನ ಹಾಗೆ ಮಲಗಿಸಿ, ಬಾಗಿಲು ಹಾಕಿ, ಬುರುಡೆಯ ಚಿತ್ರ ಇರುವ ಹಲಗೆ ತೂಗುಹಾಕುತ್ತಾರೆ. ಗುಳಿಗೆ ಕರಗಿ ಗಾಳಿಯಾಗುತ್ತದೆ. ಆ ಗಾಳಿ ನುಸಿಗೂ ಆಗದು, ನಮಗೂ ಆಗದು. ಅದು ಬೆಳ್ಳುಳ್ಳಿಯ ಹಾಗೆ ನಾರುತ್ತದೆ. ಈ ಬೆಳ್ಳುಳ್ಳಿಯನ್ನು ನೆನಪಿಟ್ಟುಕೊಳ್ಳಿ.

ಗುಳಿಗೆ ಇಡುವವನು ಮಹಬೂಬ. ಮುಖಕ್ಕೆ ಹಂದಿಯ ಮೂತಿಯಂಥ ಮುಖವಾಡ ಹಾಕಿಕೊಂಡು ಒಳಗೆ ಹೋಗುತ್ತಾನೆ, ವಾರದ ಮೇಲೆ ಅವನೇ ಬಂದು ತಾಡಪತ್ರಿ ಎಳೆಯುತ್ತಾನೆ. ಒಳ್ಳೆಯ ಮನುಷ್ಯ, ನನಗೆ ಖಾಲಾ ಅನ್ನುತ್ತಾನೆ, ಚಿಕ್ಕಮ್ಮ ಅಂದ ಹಾಗೆ. ಹೆದರುಪುಕ್ಕಲ. ಆ ಕೆಲಸಕ್ಕೆ ಹೆದರುವವನೇ ಬೇಕು.

ಹೋದ ವರ್ಷ ಮಳೆಗಾಲದ ಮೊದಲಿಗೆ ಯಾರೋ ಸಾಹೇಬರು ತಪಾಸಣೆಗೆ ಬಂದು ಹೋದರು. ಆಮೇಲೆ ಗೋದಾಮಿನ ಸಾವಕಾರರು ಒಂದು ಮೀಟರು ತರಿಸಿದರು. ಅಂಗೈಯಷ್ಟು ದೊಡ್ಡದು, ಹಳದಿ ಬಣ್ಣ, ಮೇಲೆ ಅಂಕಿ ತೋರಿಸುವ ಕಿಟಕಿ, ಅದರ ಕೆಳಗೆ ಸಣ್ಣ ಸಣ್ಣ ತೂತಿನ ಬಿಳಿ ಬಿಲ್ಲೆ. ಮಹಬೂಬ ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ನಮಗೆಲ್ಲ ತೋರಿಸಿದ.

"ಖಾಲಾ, ಇದು ಗಾಳಿ ಮೂಸಿ ನೋಡ್ತದ. ಖರಾಬ್ ಗಾಳಿ ಇದ್ರ ಚೀರ್ತದ. ಝೀರೋ ಬಂತು ಅಂದ್ರ ನೀವು ಒಳಗ ಬರ್ರಿ. ಅಲ್ಲಿತನಾ ಬ್ಯಾಡ."

ಅದು ಚೀರುತ್ತಿತ್ತು ಅಂದರೆ ಸಾಮಾನ್ಯ ಚೀರು ಅಲ್ಲ. ತಾಡಪತ್ರಿ ತೆಗೆದ ದಿನ ಅದು ಸುಮ್ಮನಾಗುವ ತನಕ ನಾವು ಹೊರಗೆ ಬೇವಿನ ಗಿಡದ ಕೆಳಗೆ ಕೂರಬೇಕು. ಒಂದೊಂದು ಸಲ ಮಧ್ಯಾಹ್ನದ ತನಕ. ಕೂತು ಕೂತು ಸೊಂಟ ಹಿಡಿಯುತ್ತಿತ್ತು. ನಾನು ಅದಕ್ಕೆ ಎಳೆಗೂಸು ಅಂತ ಹೆಸರಿಟ್ಟಿದ್ದೆ.

ದಸರೆ ಬಂತು. ಖಂಡೆಪೂಜೆಯ ದಿನ ಗೋದಾಮಿನಲ್ಲಿ ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಹಮಾಲರ ಕೊಕ್ಕೆ, ಕೇರುವ ಮೊರ, ಕಸಬರಿಗೆ ಎಲ್ಲ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ. ಹೆಂಗಸರಲ್ಲಿ ನಾನೇ ಹಿರಿಯಳು, ವಿಭೂತಿ ಹಚ್ಚುವುದು ನನ್ನ ಕೆಲಸ. ಎಲ್ಲಕ್ಕೂ ಹಚ್ಚಿ ಮುಗಿಸಿ ನೋಡಿದರೆ ಮೊಳೆಯ ಮೇಲೆ ಮೀಟರು ಉಳಿದುಬಿಟ್ಟಿದೆ. ಹೊಸ ಸಾಮಾನು, ಅದೂ ನಮ್ಮ ಜೀವ ಕಾಯುವ ಸಾಮಾನು, ಅದನ್ನು ಬಿಟ್ಟರೆ ಹೇಗೆ? ಮಹಬೂಬ ಅವತ್ತು ರಜೆಯ ಮೇಲಿದ್ದ. ನಾನು ಮೀಟರು ಇಳಿಸಿಕೊಂಡೆ. ಆ ಬಿಳಿ ಬಿಲ್ಲೆ ನೋಡಿದರೆ ಥೇಟ್ ಹಣೆ. ವಿಭೂತಿ ನೀರಲ್ಲಿ ಕಲಸಿ ಮೂರು ಬೆರಳಿನಿಂದ ಗಟ್ಟಿಯಾಗಿ ಎಳೆದೆ, ನಡುವೆ ಕುಂಕುಮ ಒತ್ತಿದೆ. ಒಂದು ಚೆಂಡುಹೂ ಸಿಕ್ಕಿಸಿದೆ. ಬಹಳ ಚೆಂದ ಕಂಡಿತು.

ಪೂಜೆ ಮುಗಿದ ಮೇಲೆ ಮೊದಲ ಸಲ ತಾಡಪತ್ರಿ ತೆಗೆದದ್ದು ದೀಪಾವಳಿಗೆ ಸ್ವಲ್ಪ ಮೊದಲು. ಆ ಬೆಳಿಗ್ಗೆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಮೊದಲು ಹೇಳಬೇಕು, ಯಾಕೆಂದರೆ ಪೊಲೀಸರೂ ಅಲ್ಲಿಂದಲೇ ಶುರು ಮಾಡಿದರು.

ನನ್ನ ಮಗ ಶರಣು ಗಾಡಿ ಓಡಿಸುತ್ತಾನೆ. ನಮ್ಮ ಕೆಂಪು ಬಾಳೆಹಣ್ಣು ಹೇರಿಕೊಂಡು ಹೈದರಾಬಾದಿಗೆ ಹೋಗುವುದು, ಬರುವುದು. ಅವನು ನಸುಕಿನಲ್ಲೇ ಹೊರಟು ಹೋಗಿದ್ದ. ನಾನು ಬುತ್ತಿ ಕಟ್ಟಿಕೊಳ್ಳುವಾಗ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಪುಂಡಿಪಲ್ಯ. ಪುಂಡಿಸೊಪ್ಪು ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಬೆಳ್ಳುಳ್ಳಿ.

"ಇದೇನ ಜಗದೇವಿ, ಪಲ್ಯಾ ಮಾಡೀಯೋ, ಬಳ್ಳೊಳ್ಳಿ ಹುಗ್ಗಿ ಮಾಡೀಯೋ?"

"ಹತ್ತ ಎಸಳ ಹಾಕೀನ್ರಿ ಅತ್ತಿ. ನಿಮ್ಮ ಮಗಗ ಸೇರ್ತದ."

"ನಿನ್ನ ಗಂಡಗ ಸೇರ್ತದ ಅಂತ ನನ್ನ ಹೊಟ್ಟಿ ಸುಡ್ತೀ? ಸಂಜಿತನಾ ತೇಗು ಬರ್ತಾವ ನಂಗ."

"ಹಂಗಾದ್ರ ನಾಳಿಂದ ನೀವ ಮಾಡ್ಕೋರಿ."

"ಮಾಡ್ಕೊಂಡೇನು. ಇಲ್ಲಾಂದ್ರ ಗೋದಾಮದಾಗಿನ ಗುಳಿಗಿ ನುಂಗಿ ಸಾಯ್ತೀನಿ. ಆಮ್ಯಾಲ ನೀ ಗಡ್ಡಿ ಗಡ್ಡೀನೇ ಹಾಕ್ಕೊಂಡು ಉಣ್ಣು."

ಇದನ್ನು ಅಂಗಳದಲ್ಲಿ ನಿಂತು, ನನ್ನ ದನಿ ಎಷ್ಟಿದೆಯೋ ಅಷ್ಟರಲ್ಲಿ ಹೇಳಿದೆ. ಎದುರು ಮನೆಯ ಸಂಗಮ್ಮ ನಳದ ಮುಂದೆ ಕೊಡ ಇಟ್ಟುಕೊಂಡು ಕೂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು, ಅವಳಿಗೆ ಅದರ ಖಬರಿಲ್ಲ. ಅವಳು ಹಾಗೆ ಕೇಳುವುದು ಹೊಸತಲ್ಲ, ನಾನು ಹಾಗೆ ಅನ್ನುವುದೂ ಹೊಸತಲ್ಲ. ಜಗದೇವಿ ಮದುವೆಯಾಗಿ ಬಂದಾಗಿನಿಂದ ವಾರಕ್ಕೊಮ್ಮೆ ಆ ಮಾತು ಆಡುತ್ತಿದ್ದೆ. ಬೇರೆಯವರು ಭಾವಿಗೆ ಬೀಳುತ್ತೇನೆ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಭಾವಿ ಇಲ್ಲ.

ಕಪನೂರಕ್ಕೆ ಹೋದೆ. ಮಹಬೂಬ ತಾಡಪತ್ರಿ ಎಳೆದು ಮುಗಿಸಿದ್ದ. ನಾವು ಅಭ್ಯಾಸದಂತೆ ಬೇವಿನ ಗಿಡದ ಕೆಳಗೆ ಕೂರಲು ಹೋದರೆ ಅವನು ಮೀಟರನ್ನು ಕೋಲಿಗೆ ಕಟ್ಟಿ ಬಾಗಿಲಿಂದ ಒಳಗೆ ಚಾಚಿ ನಿಂತಿದ್ದಾನೆ. ಮೀಟರು ಗಪ್ಪು. ಹೊರಗೆ ತಂದು, ಕಿಟಕಿಯ ಮೇಲಿನ ಕುಂಕುಮದ ಪುಡಿ ಅಂಗಿಯ ತುದಿಯಿಂದ ಒರೆಸಿ ನೋಡಿದ.

"ಖಾಲಾ, ಝೀರೋ. ಕುಂತಾ ಕುಂತಾ ಸುಸ್ತಾಗೋದು ತಪ್ಪಿತು."

"ಎಳೀಕೂಸು ಯಾಕ ಅಳಾಕತ್ತಿಲ್ಲ?"

"ನಿಮ್ಮ ಪೂಜಾದ ಬರಕತ್."

ನಾನು ಉಬ್ಬಿದೆ. ಉಳಿದ ಹೆಂಗಸರಿಗೆ, "ನೋಡ್ರಿ, ಕೈಗುಣ ಅಂದ್ರ ಇದು" ಅಂದೆ. ರತ್ನಾಬಾಯಿ ಮತ್ತು ಹಲೀಮಾ ಬಾಗಿಲ ಹತ್ತಿರ ಗುಡಿಸಿದರು. ನಾನು ಹಿಂದಿನ ಗೋಡೆಗೂ ಚೀಲದ ರಾಶಿಗೂ ನಡುವಿನ ಸಂದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕಾಳು ಬಳಿಯತೊಡಗಿದೆ. ಕಾಳು ಹೆಚ್ಚಾಗಿ ಸೋರುವುದು ಅಲ್ಲೇ.

ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿಯ ವಾಸನೆ ಬಂತು.

ಈ ವಾಸನೆ ಬಂದರೆ ಎದ್ದು ಓಡಬೇಕು ಅಂತ ಮಹಬೂಬ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ನನಗೆ ಅದು ಗೊತ್ತಿಲ್ಲ ಅಂತಲ್ಲ. ಆದರೆ ಅವತ್ತು ನಾನು ಬೆಳಿಗ್ಗೆ ಎರಡು ರೊಟ್ಟಿಗೆ ಅದೇ ಪಲ್ಯ ಹಚ್ಚಿಕೊಂಡು ತಿಂದಿದ್ದೆ, ತೇಗು ಬರುತ್ತಿದ್ದವು, ಡಬ್ಬಿ ಸೊಂಟದ ಪಕ್ಕದಲ್ಲೇ ಇತ್ತು. ವಾಸನೆ ಹೆಚ್ಚಾದಷ್ಟೂ ಜಗದೇವಿಯನ್ನು ಹೆಚ್ಚು ಬೈದುಕೊಂಡೆ. ಇದು ಹತ್ತು ಎಸಳಲ್ಲ, ಸುಳ್ಳು ಹೇಳಿದ್ದಾಳೆ, ಇಪ್ಪತ್ತಾದರೂ ಇರಬೇಕು ಅಂತ ಮನಸ್ಸಿನಲ್ಲೇ ಪಂಚಾಯಿತಿ ಮಾಡುತ್ತ, ಸಂದಿಯ ಈ ತುದಿಯಿಂದ ಆ ತುದಿಗೆ ಗುಡಿಸಿ ಮುಗಿಸಿದೆ. ತಲೆ ಸಿಡಿಯುತ್ತಿತ್ತು. ಅದನ್ನೂ ಅವಳ ಲೆಕ್ಕಕ್ಕೇ ಬರೆದೆ.

ಸಂಜೆ ಬಸ್ಸಿನಲ್ಲಿ ವಾಂತಿಯಾಯಿತು. ಕಂಡಕ್ಟರ ಬೈದ. ಕಮಲಾಪುರದಲ್ಲಿ ಇಳಿದು ಮನೆಯ ಕಟ್ಟೆ ಹತ್ತುವಾಗ ಎದೆ ಬಿಗಿಯಿತು. ಬಾಯಿ ಹೊಲಿದ ಚೀಲದೊಳಗೆ ಕೂತು ಉಸಿರಾಡಿದ ಹಾಗೆ. ಜಗದೇವಿ ಹೊರಗೆ ಬಂದಳು. ಅವಳ ಕಾಲ ಮೇಲೇ ಇನ್ನೊಮ್ಮೆ ವಾಂತಿ ಮಾಡಿ ಬಿದ್ದೆ.

ಎದುರು ಮನೆಯಿಂದ ಸಂಗಮ್ಮ ಓಡಿ ಬಂದಳು, ನನ್ನ ಬಾಯಿ ಮೂಸಿದಳು, ಓಣಿಗೆ ಕೇಳುವಂತೆ ಒದರಿದಳು. "ಅಯ್ಯ, ಕಾಶಮ್ಮ ಹೇಳಿದಂಗೇ ಮಾಡ್ಯಾಳ. ಗುಳಿಗಿ ನುಂಗ್ಯಾಳ."

ಕಮಲಾಪುರದ ದವಾಖಾನೆಯಲ್ಲಿ ಮೂಗಿಗೆ ಗಾಳಿ ಹಚ್ಚಿ ಆಂಬುಲೆನ್ಸಿಗೆ ಏರಿಸಿದರು. ಆ ರಸ್ತೆಯಲ್ಲಿ ನಾನು ಎಷ್ಟೋ ವರ್ಷದಿಂದ ನಿಂತುಕೊಂಡೇ ಓಡಾಡಿದವಳು. ಮೊದಲ ಸಲ ಸೀಟು ಸಿಕ್ಕಿತು, ಅದೂ ಮಲಗುವ ಸೀಟು. ಕಪನೂರ ದಾಟುವಾಗ ಜಗದೇವಿ, "ಅತ್ತಿ, ಕಣ್ಣು ಮುಚ್ಚಬ್ಯಾಡ್ರಿ, ನನ್ನ ಬೈರಿ, ಬೈತಾ ಇರ್ರಿ" ಅಂದಳು. ಉಸಿರಿರಲಿಲ್ಲ. ಬೇಕೆಂದಾಗ ಬೈಗುಳ ಬಾರದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಸಿಕ್ಕ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮೈಸೂರು ಕಡೆಯವಳು. ನನ್ನ ಮುಖದ ಹತ್ತಿರ ಬಾಗಿ ಮೂಸಿದಳು.

"ಅಮ್ಮ, ಎಷ್ಟು ಗುಳಿಗೆ ತಗೊಂಡ್ರಿ? ನಿಜ ಹೇಳಿ, ಬೈಯೋದಿಲ್ಲ."

"ಒಂದೂ ಇಲ್ಲ."

"ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ."

"ಅದು ನನ್ನ ಸೊಸಿ ಪಲ್ಯಾ."

ಹಿಂದೆ ನಿಂತಿದ್ದ ಜಗದೇವಿ ಅಳುತ್ತ, "ಹೌದ್ರಿ ಮೇಡಂ, ನಾನೇ ಹಾಕೀನಿ. ಹತ್ತ ಹಾಕೀನಿ" ಅಂದಳು. ಅಲ್ಲಿದ್ದ ನರ್ಸು, ಆಯಾ, ಪಕ್ಕದ ಮಂಚದ ಪೇಶಂಟು, ಅವರ ನೆಂಟರು, ಎಲ್ಲರೂ ಒಮ್ಮೆಗೇ ಅವಳ ಕಡೆ ತಿರುಗಿದರು. ಹತ್ತು ಏನು ಅಂತ ಯಾರೂ ಕೇಳಲಿಲ್ಲ.

ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಆ ಸುಖವನ್ನು ಬರೆಯಲು ನನಗೆ ಬರುವ ಅಕ್ಷರ ಸಾಲವು. ಬಂದದ್ದು ನೀರು, ಒಂದೆರಡು ಎಳೆ ಪುಂಡಿಪಲ್ಯ. ಡಾಕ್ಟರಮ್ಮ ಅದನ್ನು ಬಟ್ಟಲಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಜಗದೇವಿಯ ಅಡಿಗೆಯನ್ನು ಅಷ್ಟು ಲಕ್ಷ್ಯಕೊಟ್ಟು ನೋಡಿದವರು ಇನ್ನೊಬ್ಬರಿಲ್ಲ.

ಆಮೇಲೆ ಅವಳು ನರ್ಸಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಹೊಟ್ಟೆಗೆ ಹೋಗಿದ್ದರೂ ಉಸಿರಿನಲ್ಲಿ ಹೋಗಿದ್ದರೂ ಈ ವಿಷಕ್ಕೆ ತಿರುಗುಮದ್ದು ಇಲ್ಲ, ಎದೆಬಡಿತ ನೋಡುತ್ತ ಎರಡು ದಿನ ಕಾಯಬೇಕು, ಆಮೇಲೆ ನೋಡೋಣ. ಆ "ನೋಡೋಣ" ಅನ್ನುವುದು ನನಗೆ ಸೇರಲಿಲ್ಲ. ಕಿವಿ ಮಂದವಾಗುವ ವಯಸ್ಸಿನಲ್ಲಿ ಬೇಡದ್ದೆಲ್ಲ ಕೇಳುತ್ತದೆ.

ಸಾವಿಗೆ ನಾನು ಹೆದರಲಿಲ್ಲ ಅಂದರೆ ಸುಳ್ಳು. ಹೆದರಿದೆ. ಎದೆಗೆ ಅಂಟಿಸಿದ ವೈರಿನ ಯಂತ್ರ ಒಮ್ಮೆ ತಪ್ಪಿ ಬಡಿದರೆ ಸಾಕು, ಮುಂದಿನ ಬಡಿತ ಬರುವ ತನಕ ಎಣಿಸುತ್ತಿದ್ದೆ. ಆದರೆ ಮಾರನೆಯ ದಿನ ಇನ್ನೊಂದು ಹೆದರಿಕೆ ಬಂದು ಅದರ ಮೇಲೆ ಕೂತಿತು.

ನೆಂಟರು ಬಂದರು. ಬಂದವರೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣೇ ತಂದರು. ನನಗೆ ಗಂಟಲಲ್ಲಿ ನೀರು ಇಳಿಯದು, ಮಂಚದ ಕೆಳಗೆ ಬಾಳೆಹಣ್ಣಿನ ಅಂಗಡಿ. ಒಬ್ಬೊಬ್ಬರೂ ಬಾಗಿ ಅದೇ ಮಾತು ಕೇಳಿದರು, "ಏನ್ ಮಾಡಿದಳವ್ವ ನಿನ್ನ ಸೊಸಿ?" ನನ್ನ ಮುಖದ ಮೇಲೆ ಗಾಳಿಯ ಮುಚ್ಚಳ. ತೆಗೆದು ಮಾತಾಡಿದರೆ ಎದೆಯ ಯಂತ್ರ ಕೂಗುತ್ತದೆ, ನರ್ಸು ಓಡಿ ಬರುತ್ತಾಳೆ. ತಲೆ ಅಲ್ಲಾಡಿಸಿದರೆ, "ಪಾಪ, ಹೇಳಾಕ ಹೆದರ್ತಾಳ" ಅನ್ನುತ್ತಾರೆ. ಪಕ್ಕದ ಮಂಚದವಳ ತಾಯಿ ನನಗೆ ಅಡ್ಡ ಬಂದು ಧೈರ್ಯ ಹೇಳಿದಳು. "ನನ್ನ ಸೊಸೀನೂ ಹಿಂಗೇ. ಆದ್ರ ನಾ ಗುಳಿಗಿ ನುಂಗಿಲ್ಲ, ಅಕಿ ಸೀರಿ ಮಾರಿ ಬಿಟ್ಟೀನಿ."

ನನ್ನ ತಂಗಿ ಗಂಗೂ ಬಂದವಳು ಒಳಗೆ ಬರುವ ಮೊದಲೇ ವರಾಂಡದಲ್ಲಿ ಜಗದೇವಿಯನ್ನು ಹಿಡಿದುಕೊಂಡಳು. ಹೈದರಾಬಾದಿನಿಂದ ಆಗಷ್ಟೇ ಬಂದಿದ್ದ ಶರಣುವಿಗೆ, "ಅಕಿನ ಶರಣಸಿರಸಗಿಗಿ ಬಿಟ್ಟ ಬಾ, ಅವರ ಅಪ್ಪನ ಮನೀಗಿ. ಪೊಲೀಸರು ಹ್ಯಾಂಗೂ ಅಲ್ಲಿಂದಲೇ ಕರಕೊಂಡು ಹೋಗ್ತಾರ" ಅಂದಳು. ಬಾಳೆಹಣ್ಣಿನ ಗೊನೆ ಕೆಟ್ಟಿದೆಯೇ ಇಲ್ಲವೇ ಅಂತ ಒತ್ತಿ ನೋಡಲು ಅವನಿಗೆ ಬರುತ್ತದೆ, ಮಾತು ಬರುವುದಿಲ್ಲ.

ಪೊಲೀಸರು ಆಗಲೇ ಬಂದು ಹೋಗಿದ್ದರು. ವಿಷದ ಕೇಸು ಬಂದರೆ ದವಾಖಾನೆಯವರು ತಿಳಿಸಲೇಬೇಕಂತೆ. ಹವಾಲ್ದಾರ ನನ್ನ ಮಂಚದ ಹತ್ತಿರ ನಿಂತು, ನನಗೆ ಮಾತು ಬಾರದ್ದು ನೋಡಿ, ನನ್ನನ್ನು ನೋಡಲು ಬಂದಿದ್ದ ಸಂಗಮ್ಮನನ್ನು ಕರೆದು ಬರೆದುಕೊಂಡ. ಸಂಗಮ್ಮ ಪಾಪ ಸುಳ್ಳು ಹೇಳಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು, ನನ್ನ ದನಿ ಮಾಡಿ ತೋರಿಸಿದಳು ಕೂಡ. ನಾನು ಸತ್ತರೆ ನನ್ನ ಬಾಯಿ ಮುಚ್ಚುತ್ತದೆ. ಆಮೇಲೆ ಸಂಗಮ್ಮನ ಬಾಯಿಯೇ ಗಟ್ಟಿ. ಜಗದೇವಿ ಜೈಲು ಸೇರುತ್ತಾಳೆ, ಹತ್ತು ಎಸಳು ಬೆಳ್ಳುಳ್ಳಿಗೆ.

ಜಗದೇವಿ ಕೈಚೀಲದಲ್ಲಿ ಎರಡು ಸೀರೆ ಮಡಿಸಿಟ್ಟುಕೊಂಡು ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ತವರಿಗೋ ಠಾಣೆಗೋ ಯಾವುದಕ್ಕೂ ತಯಾರು. ನಾನು ವಾಕರಿಸಿದರೆ ಎದ್ದು ಬೋಗುಣಿ ಹಿಡಿಯುವುದು, ಬಾಯಿ ಒರೆಸುವುದು, ತಿರುಗಿ ಕೂರುವುದು. ನಮ್ಮ ನೆಂಟರು ಅವಳು ಕೊಟ್ಟ ಚಹಾ ಕುಡಿಯಲಿಲ್ಲ. ವಾರ್ಡಿನ ಆಯಾ ಒಬ್ಬಳು ಕುಡಿದಳು. ಅವಳೇ ನನ್ನ ಕಿವಿ ಕೊರೆಯುತ್ತಿದ್ದ ಮುಚ್ಚಳದ ದಾರಕ್ಕೆ ಅರಳೆ ಇಟ್ಟು ಕಟ್ಟಿದ್ದು. ಅವಳ ಹೆಸರು ಕೇಳಲು ಮರೆತೆ, ಆ ಅರಳೆ ಮರೆತಿಲ್ಲ.

ಆ ಮಧ್ಯಾಹ್ನ ಮಹಬೂಬ ಬಂದ. ಕೈಯಲ್ಲಿ ಬಾಳೆಹಣ್ಣಿಲ್ಲ. ಅದಕ್ಕೇ ಅವನ ಮೇಲೆ ಪ್ರೀತಿ ಬಂತು. ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡಿದ್ದ. ಬಿಚ್ಚಿದರೆ ಮೀಟರು.

"ಖಾಲಾ, ಅಲ್ಲಾಹ್ ಕಸಮ್, ನಾ ಝೀರೋ ನೋಡೇ ನಿಮಗ ಒಳಗ ಬಿಟ್ಟೀನಿ. ನೋಡ್ರಿ, ಈಗೂ ಝೀರೋ ಅದ."

ನಾನು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ. ಕಿಟಕಿ ಸ್ವಚ್ಛ. ಕೆಳಗಿನ ಬಿಳಿ ಬಿಲ್ಲೆಯ ತೂತೆಲ್ಲ ಕೆಂಪು. ತಲೆಯ ಪಿನ್ನು ತೆಗೆದು ಒಂದು ತೂತು ಕೆದರಿದೆ. ಕುಂಕುಮ ಉದುರಿತು. ಅದರ ಹಿಂದೆ ವಿಭೂತಿ, ನೀರಲ್ಲಿ ಕಲಸಿ ಒಣಗಿದ್ದು, ಗೋಡೆಗೆ ಹಚ್ಚಿದ ಸಿಮೆಂಟಿನ ಹಾಗೆ ಕೂತುಬಿಟ್ಟಿತ್ತು. ಮೂರು ಸಾಲು. ಮೂರೂ ನನ್ನ ಬೆರಳಿನವು.

ಮುಚ್ಚಳ ಸರಿಸಿ ಹೇಳಿದೆ, "ಮಹಬೂಬ, ಇದರ ಮೂಗ ನಾನೇ ಮುಚ್ಚೀನಿ."

ಅವನು ನೋಡಿದ. ಮೀಟರನ್ನು ತಿರುಗಿ ಕರವಸ್ತ್ರದಲ್ಲಿ ಸುತ್ತಿದ. ಆಮೇಲೆ ದನಿ ತಗ್ಗಿಸಿ, "ಚುಪ್ ರಹೋ ಖಾಲಾ. ಯಾರಿಗೂ ಹೇಳಬ್ಯಾಡ್ರಿ. ಸಾವಕಾರರಿಗಿ ಗೊತ್ತಾದ್ರ ನಿಮ್ಮ ಕೆಲಸಾ ಹೋಗ್ತದ. ಬಿಲ್ಲಿ ಸುದ್ದಾ ಒರೆಸಿ ನೋಡಬೇಕಿತ್ತು ನಾ, ನಂದೂ ಹೋಗ್ತದ" ಅಂದ.

ಕೆಲಸ ಹೋದರೆ ನನಗೆ ಇನ್ನೊಂದು ಇರಲಿಲ್ಲ. ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಸುಮ್ಮನಿದ್ದರೆ ಆಗುತ್ತಿತ್ತು. ಒಂದು ಕ್ಷಣ ಸುಮ್ಮನೂ ಇದ್ದೆ. ಮಂಚದ ಕಾಲ ಬಳಿ ಜಗದೇವಿ ಬಾಳೆಹಣ್ಣು ಎಣಿಸುತ್ತಿದ್ದಳು, ಕೆಟ್ಟವನ್ನು ಬೇರೆ ತೆಗೆಯುತ್ತ, ನಮ್ಮ ಮಾತು ತನಗಲ್ಲ ಅನ್ನುವ ಹಾಗೆ.

"ನಮ್ಮ ಕೆಲಸಾ ಹೋಗ್ತದ ಅಂತೀ. ಇಲ್ಲಿ ನನ್ನ ಸೊಸೀನೇ ಹೋಗ್ತಾಳ" ಅಂದೆ. "ಅವತ್ತ ಒಳಗ ಇದ್ದವರು ಬ್ಯಾರೆ ಯಾರಿಗರೆ ಏನರೆ ಆಗ್ಯಾದೇನು?"

ಅವನು ತಲೆ ಕೆರೆದುಕೊಂಡ. "ರತ್ನಾಬಾಯಿ ತಲಿನೋವ ಅಂತ ಮಲಗ್ಯಾಳ. ಹಲೀಮಾ ಸುದ್ದಾ ವಾಂತಿ ಮಾಡ್ಕೊಂಡಾಳ. ಬಿಸಲಿಗಿ ಅಂದ್ಕೊಂಡಾರ."

"ಅವರೂ ನನ್ನ ಸೊಸಿ ಪಲ್ಯಾ ತಿಂದಾರೇನು? ನಾಳಿ ಇಬ್ಬರನೂ ಇಲ್ಲಿಗಿ ಕರಕೊಂಡು ಬಾ. ಡಾಕ್ಟರಮ್ಮಗ ತೋರಸು. ಕೆಲಸದ ಮಾತ ಆಮ್ಯಾಲ."

ಹೆದರುಪುಕ್ಕಲ ಅಂತ ಮೇಲೆ ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ, ಆದರೆ ಅವನು ಮಾರನೆಯ ದಿನ ಇಬ್ಬರನ್ನೂ ಆಟೋದಲ್ಲಿ ಹೇರಿಕೊಂಡು ಬಂದ. ಡಾಕ್ಟರಮ್ಮ ಅವರ ಎದೆ ನೋಡಿದಳು, ಮೀಟರು ನೋಡಿದಳು, ನನ್ನ ಕಡೆ ನೋಡಿದಳು. "ಹೊಟ್ಟೆ ತೊಳೆದಾಗಲೇ ನನಗೆ ಅನುಮಾನ ಬಂದಿತ್ತು. ನೀವು ಹೇಳಿದ್ದನ್ನ ನಂಬಬೇಕಿತ್ತು ಅಮ್ಮ" ಅಂದಳು. ಹಾಗೆ ಹೇಳಿದ ಇನ್ನೊಬ್ಬ ಡಾಕ್ಟರನ್ನು ನಾನು ಕಂಡಿಲ್ಲ.

ಅವತ್ತೇ ಹವಾಲ್ದಾರ ಕಾಗದ ಹಿಡಿದು ಬಂದ. ಬರೆದು ಮುಗಿಸಿದ್ದ. ಶಾಯಿಯ ಡಬ್ಬಿ ತೆಗೆದು ಹಾಸಿಗೆಯ ಮೇಲಿಟ್ಟ.

"ಆಯಿ, ಹೆಬ್ಬೆಟ್ಟ ಒತ್ತು. ನಂಗ ಇನ್ನೂ ಮೂರು ವಾರ್ಡ ಅದಾವ."

"ಹೆಬ್ಬೆಟ್ಟೂ ಅದ, ಕಣ್ಣೂ ಅದಾವ. ಕೊಡು ಇಲ್ಲಿ, ಓದ್ತೀನಿ."

ಅವನು ಬೇಗ ಮುಗಿಯುತ್ತದೆ ಅಂತ ಕೊಟ್ಟ. ನಾನು ಅಕ್ಷರ ಹಿಡಿದು ಹಿಡಿದು ಓದತೊಡಗಿದೆ. ಒಂದು ಪದಕ್ಕೆ ಎರಡು ಸಲ ಉಸಿರು. "ಸ-ದ-ರಿ. ಸದರಿ. ಕಾ-ಶಿ-ಬಾ-ಯಿ." ಓಣಿಗೆ ನಾನು ಕಾಶಮ್ಮ, ಕಾಗದಕ್ಕೆ ಕಾಶಿಬಾಯಿ. ಒತ್ತಕ್ಷರ ಬಂದ ಕಡೆ ನಿಂತೆ. ಪಕ್ಕದ ಮಂಚದವಳು ಎದ್ದು ಕೂತು ಹೇಳಿಕೊಟ್ಟಳು. ಅವಳಿಗೂ ಬಾರದ ಕಡೆ ಆಚೆ ಮಂಚದವರು. ಚಹಾ ಬಂತು, ಹವಾಲ್ದಾರ ಕುಡಿದ. ಇನ್ನೊಂದು ಬಂತು, ಅದನ್ನೂ ಕುಡಿದ. ಇಡೀ ವಾರ್ಡು ನನ್ನ ಜೊತೆ ಗಟ್ಟಿಯಾಗಿ ಓದುತ್ತಿತ್ತು, ಸಾಲೆಯ ಹಾಗೆ. ಕೊನೆಗೆ ಕಾಗದ ಕೆಳಗಿಟ್ಟೆ.

"ಇದರಾಗ ಮೂರು ಸುಳ್ಳ ಅದಾವ."

"ಏನ್ ಆಯಿ?"

"ಒಂದು, ನಾ ಗುಳಿಗಿ ನುಂಗಿಲ್ಲ. ಎರಡು, ಸೊಸಿ ಕಿರುಕುಳ ಅಂತ ಬರದೀ. ನಮ್ಮ ಮನ್ಯಾಗ ಕಿರುಕುಳ ಕೊಡಾಕಿ ನಾನು. ಓಣಿಗೆಲ್ಲ ಗೊತ್ತದ."

"ಮೂರನೇದು?"

"ನನ್ನ ವಯಸ್ಸು ಎಪ್ಪತ್ತೈದು ಅಂತ ಬರದೀ. ಅರವತ್ತೆಂಟು. ಪೆನ್ನ ಕೊಡು."

ಅದೇ ಕಾಗದದ ಹಿಂದೆ ಬರೆದೆ. ಕ್ಲಾಸಿನಲ್ಲಿ ನನ್ನ ಹೆಸರು, ಊರಿನ ಹೆಸರು, ಹಬ್ಬದ ಹೆಸರು ಬರೆದದ್ದುಂಟು, ನನ್ನ ಮಾತು ನಾನೇ ಬರೆದದ್ದು ಅದೇ ಮೊದಲು. ಇಷ್ಟು ಬರೆದೆ: ನಾನು ಗುಳಿಗೆ ನುಂಗಿಲ್ಲ. ಗೋದಾಮಿನ ಗಾಳಿ ಕುಡಿದೆ. ಮೀಟರಿಗೆ ವಿಭೂತಿ ಹಚ್ಚಿ ಅದರ ಮೂಗು ನಾನೇ ಮುಚ್ಚಿದೆ. ಸೊಸೆಯ ತಪ್ಪಿಲ್ಲ. ಬೆಳ್ಳುಳ್ಳಿ ಹೆಚ್ಚಾಗಿತ್ತು.

ಹವಾಲ್ದಾರ ಓದಿದ. "ಬಳ್ಳೊಳ್ಳಿ ಯಾಕ ಬರದೀ ಆಯಿ? ಅದನ್ನ ತಗಿ."

"ಖರೇ ಬರೀಬೇಕು ಹೌದಲ್ಲ? ಹೆಚ್ಚಾಗಿತ್ತು."

ನೆಲದ ಮೇಲಿಂದ ಒಂದು ಸದ್ದು ಬಂತು. ಜಗದೇವಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ಹತ್ತೇ ಹಾಕೀನ್ರಿ ಸಾಹೇಬ್ರ. ಅದನ್ನೂ ಬರಕೋರಿ" ಅಂದಳು.

ಡಾಕ್ಟರಮ್ಮನೂ ತನ್ನ ಕಡೆಯಿಂದ ಬರೆದುಕೊಟ್ಟಳು. ಠಾಣೆಯ ಮಾತು ಅಲ್ಲಿಗೆ ಮುಗಿಯಿತು. ಗಂಗೂ ಜಗದೇವಿಯ ಕೈಯಿಂದ ಚಹಾ ಕುಡಿದಳು, ಸಕ್ಕರೆ ಕಮ್ಮಿ ಅಂದಳು. ಎಂಟನೆಯ ದಿನ ನನ್ನನ್ನು ಮನೆಗೆ ಕಳಿಸಿದರು. ಸಂಗಮ್ಮ ಎದುರಿಗೆ ಬಂದು ಆರತಿ ಎತ್ತಿದಳು. ಆದರೆ ಅವಳು ಇವತ್ತಿಗೂ ನನ್ನ ಮಾತು ಪೂರ್ತಿ ನಂಬಿಲ್ಲ, ಸೊಸೆಯನ್ನು ಉಳಿಸಲು ಹೇಳಿದ್ದು ಅಂತ ಅವಳ ಲೆಕ್ಕ.

ಕೆಲಸ ಹೋಗಲಿಲ್ಲ. ಸಾವಕಾರರು ಕೂಗಾಡಿದರು, ತಪಾಸಣೆಯ ಸಾಹೇಬರು ಬಂದು ಸಾವಕಾರರ ಮೇಲೆ ಕೂಗಾಡಿದರು, ಕೊನೆಗೆ ಮೀಟರು ಎರಡಾದವು. ಒಂದು ಮಹಬೂಬನ ಬಳಿ, ಒಂದು ಒಳಗೆ ಹೋಗುವ ಹೆಂಗಸರ ಸೊಂಟದಲ್ಲಿ. ತಾಡಪತ್ರಿ ತೆಗೆಯುವ ದಿನ ಅವನು ಬೆಳಿಗ್ಗೆ ಒಂದು ಸಣ್ಣ ಡಬ್ಬಿಯ ಗಾಳಿ ಊದಿ ಎರಡನ್ನೂ ಒಮ್ಮೆ ಚೀರಿಸಿ ನೋಡುತ್ತಾನೆ. ಚೀರದ ಮೀಟರಿಗೆ ಒಳಗೆ ಪ್ರವೇಶವಿಲ್ಲ. ಆಮೇಲೆ ಅಂಕಿಯನ್ನು ಅವನೊಮ್ಮೆ ಓದುತ್ತಾನೆ, ನಾನೊಮ್ಮೆ ಗಟ್ಟಿಯಾಗಿ ಓದುತ್ತೇನೆ. ಸೊನ್ನೆಗೆ ಒತ್ತಕ್ಷರವಿಲ್ಲ, ನನಗೆ ಸಲೀಸು. ಆರು ತಿಂಗಳಿಗೊಮ್ಮೆ ನಮ್ಮೆಲ್ಲರನ್ನೂ ದವಾಖಾನೆಗೆ ಒಯ್ದು ಕೊಳವೆಯಲ್ಲಿ ಊದಿಸುತ್ತಾರೆ. ಹಲೀಮಾ ಎಲ್ಲರಿಗಿಂತ ಜೋರು ಊದುತ್ತಾಳೆ. ನಾನು ಎಲ್ಲರಿಗಿಂತ ಕಮ್ಮಿ. ಅದು ಇನ್ನು ಹೆಚ್ಚಾಗುವುದಿಲ್ಲ ಅಂತ ಹೇಳಿದ್ದಾರೆ.

ಈ ಸಲದ ಖಂಡೆಪೂಜೆಗೆ ಮೀಟರು ಬಿಡಲಿಲ್ಲ. ಮೊಳೆಗೆ ಕುಂಕುಮ ಹಚ್ಚಿದೆ. ಮೀಟರಿಗೆ ದೂರದಿಂದ ಕೈ ಮುಗಿದೆ. ಮಹಬೂಬ ಪಕ್ಕದಲ್ಲೇ ನಿಂತು ನನ್ನ ಮೂರು ಬೆರಳು ಕಾಯುತ್ತಿದ್ದ.

ಇಂಥ ಕಡೆ ಕೆಲಸ ಮಾಡುವ ಹೆಂಗಸರಿಗೆ ಒಂದು ಮಾತು. ಒಂದೇ ದಿನ, ಒಂದೇ ಜಾಗದಲ್ಲಿದ್ದ ಮೂವರಿಗೆ ತಲೆನೋವು ಬಂದರೆ ಅದು ಬಿಸಿಲಲ್ಲ. ಒಬ್ಬರನ್ನೊಬ್ಬರು ಕೇಳಿ. ಇನ್ನು ತಾಡಪತ್ರಿ ತೆಗೆಯುವ ದಿನ ಬುತ್ತಿಗೆ ಬೆಳ್ಳುಳ್ಳಿ ಬೇಡ, ಮೂಗು ಖಾಲಿ ಇರಲಿ. ಜಗದೇವಿಗೆ ಇದನ್ನು ಹೇಳಿದಾಗ, "ಡಾಕ್ಟರಮ್ಮ ಹೇಳ್ಯಾಳೋ, ನೀವ ಹೇಳಾಕತ್ತೀರೋ?" ಅಂತ ಕೇಳಿದಳು. ಡಾಕ್ಟರಮ್ಮ ಅಂದೆ. ಅದೊಂದು ಸುಳ್ಳು ಹೇಳಿದ್ದೇನೆ, ಈಗ ಇಲ್ಲಿ ಓದಿ ತಿಳಿದುಕೊಳ್ಳಲಿ.

ನನಗೆ ಆದ ದೊಡ್ಡ ನಷ್ಟ ಬೇರೆ. ಗುಳಿಗೆ ನುಂಗುತ್ತೇನೆ ಅನ್ನುವ ಮಾತು ಹೋಯಿತು. ಆಡಲು ಹೋದರೆ ಜಗದೇವಿ, "ಹವಾಲ್ದಾರಗ ಫೋನ್ ಹಚ್ಚಲೇನ್ರಿ ಅತ್ತಿ?" ಅನ್ನುತ್ತಾಳೆ. ಅಷ್ಟು ವರ್ಷ ಬಳಸಿದ ಮಾತು, ಅದರಷ್ಟು ಒಳ್ಳೆಯದು ಇನ್ನೊಂದು ಸಿಕ್ಕಿಲ್ಲ. ಉಸಿರೂ ಮೊದಲಿನ ಹಾಗಿಲ್ಲ. ಜಗಳ ಏರುವ ಹೊತ್ತಿಗೆ ಎದೆ ಹಿಡಿಯುತ್ತದೆ, ಅಂಗಳದ ಕಂಬ ಹಿಡಿದು ನಿಲ್ಲಬೇಕು. ಅವಳಿಗೆ ಗೆಲ್ಲಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಾನಾಗಿದ್ದರೆ ಆ ಸಂದಿಯಲ್ಲಿ ನಾಲ್ಕು ಮಾತು ಸೇರಿಸಿಬಿಡುತ್ತಿದ್ದೆ.

ಅವಳು ಸೇರಿಸುವುದಿಲ್ಲ. ಕೈಯಲ್ಲಿನ ಸೌಟು ಹಾಗೇ ಹಿಡಿದು ನಿಂತು ಕಾಯುತ್ತಾಳೆ. ನನಗೆ ಉಸಿರು ತಿರುಗಿ ಬಂದ ಮೇಲೆ, "ಹೂಂ, ಮುಂದ ಹೇಳ್ರಿ" ಅನ್ನುತ್ತಾಳೆ.